ನಿದಾನ ಎಂಬ ಹಗ್ಗ

‘ನಿದಾನ್ ಸಹಾ ತಾಸ್ ಥಾಂಬೂಯಾ’ ಎಂದರು ಡಾಕ್ಟರು.

ಮುಂಬಯಿಯ ವಡಾಲದಲ್ಲಿ ಮೋನೋರೈಲು ಓಡಲು ಇನ್ನೂ ಕೆಲವು ವರ್ಷ ಬಾಕಿಯಿದ್ದ ಕಾಲ. ಮೇ ತಿಂಗಳ ರಾತ್ರಿ, ಗಂಟೆ ಹತ್ತೂವರೆ ದಾಟಿತ್ತು. ಪಾಲಿಕೆಯ ದೊಡ್ಡಾಸ್ಪತ್ರೆಯ ಕ್ಯಾಜುವಲ್ಟಿಯ ಕಬ್ಬಿಣದ ಮಂಚದ ಮೇಲೆ ಕುಂದಾಪುರ ಕಡೆಯ ಇಪ್ಪತ್ತರ ಹುಡುಗನೊಬ್ಬ ಮೊಣಕಾಲು ಮಡಚಿ ಮಲಗಿದ್ದ. ನಮ್ಮ ಬೀದಿಯ ಹೋಟೆಲಿನಲ್ಲಿ ದೋಸೆಕಲ್ಲಿನ ಮುಂದೆ ನಿಲ್ಲುವವನು. ಮಧ್ಯಾಹ್ನದ ಬಿಡುವಿನಲ್ಲಿ ನನ್ನ ಹತ್ತಿರ ಬಂದು ರಾತ್ರಿಶಾಲೆಯ ಕನ್ನಡ ಪಾಠ ಹೇಳಿಸಿಕೊಳ್ಳುತ್ತಿದ್ದ. ಜೊತೆಗೆ ಬಂದಿದ್ದ ಅಡುಗೆಭಟ್ಟರಿಗೆ ಮರಾಠಿ ಅಷ್ಟಕ್ಕಷ್ಟೆ, ಹುಡುಗನಿಗೆ ಅದೂ ಇಲ್ಲ. ದುಭಾಷಿಯಾಗಿ ನನ್ನನ್ನು ಎಬ್ಬಿಸಿ ಕರೆತಂದಿದ್ದರು.

ಡಾಕ್ಟರು ಹೇಳಿದ್ದು, ಕಡೇಪಕ್ಷ ಆರು ಗಂಟೆ ಕಾಯೋಣ ಎಂದು. ಮರಾಠಿಯ ‘ನಿದಾನ್’ ಅಂದರೆ ಕಡೇಪಕ್ಷ, ಕನಿಷ್ಠ. ಹುಡುಗನ ಕಿವಿಗೆ ಬಿದ್ದದ್ದು ಬೇರೆ. ‘ಎಂತಕೆ ಟೀಚರೇ ನಿಧಾನ ಮಾಡುದ್? ಹೊಟ್ಟಿ ನೋವ್ ತಡೂಕೆ ಆತಿಲ್ಲೆ’ ಎಂದು ನರಳಿದ. ಡಾಕ್ಟರ ಕೈಯ ಕೇಸ್‌ಪೇಪರಿನ ಮೇಲೂ ಮರಾಠಿಯಲ್ಲಿ ಅದೇ ಪದ ಅಚ್ಚಾಗಿತ್ತು. ಅಲ್ಲಿ ಅದರ ಅರ್ಥ ರೋಗ ಯಾವುದೆಂದು ಗುರುತಿಸುವುದು. ಅದರ ಮುಂದಿನ ಜಾಗ ಖಾಲಿಯಿತ್ತು.

ಹೀಗೆ ಒಂದೇ ಪದ ಒಂದೇ ಮಂಚದ ಸುತ್ತ ಮೂರು ಅರ್ಥ ಹೊತ್ತು ನಿಂತಿತು. ಆ ರಾತ್ರಿ ಬೆಂಚಿನ ಮೇಲೆ ಕೂತು ಕಳೆದ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಸುತ್ತಿದ ಆ ಪದ ಆಮೇಲೆ ನನ್ನನ್ನು ಬಿಡಲೇ ಇಲ್ಲ.

ನಿದಾನದ ಮೊದಲ ಅರ್ಥ ಹಗ್ಗ. ‘ದಾ’ ಎಂಬ ಧಾತುವಿಗೆ ಕೊಡು ಎಂಬರ್ಥ ಇರುವಂತೆ ಕಟ್ಟು ಎಂಬ ಅರ್ಥವೂ ಇದೆ. ಅದರ ಹಿಂದೆ ‘ನಿ’ ಸೇರಿ ನಿದಾನ. ಋಗ್ವೇದದ ಆರನೆಯ ಮಂಡಲದಲ್ಲಿ ಇಂದ್ರ ಹಸುಗಳನ್ನು ಬಿಡಿಸುವ ಪ್ರಸಂಗವೊಂದಿದೆ. ಅಲ್ಲಿ ಬಿಚ್ಚಿಕೊಳ್ಳುವುದು ಹಸುಗಳ ನಿದಾನ, ಅಂದರೆ ಅವನ್ನು ಕಟ್ಟಿದ ಕಣ್ಣಿ. ಹತ್ತನೆಯ ಮಂಡಲಕ್ಕೆ ಬರುವಾಗ ಪದ ಕೊಟ್ಟಿಗೆಯಿಂದ ಹೊರಬಂದಿರುತ್ತದೆ. ಸೃಷ್ಟಿಯ ಮೊದಲ ಯಜ್ಞಕ್ಕೆ ಅಳತೆ ಯಾವುದಿತ್ತು, ನಿದಾನ ಯಾವುದಿತ್ತು ಎಂದು ಅಲ್ಲಿನ ಋಷಿ ಕೇಳುತ್ತಾನೆ. ಇದನ್ನು ಅದಕ್ಕೆ ಕಟ್ಟಿದ್ದು ಯಾವುದು ಎಂಬುದು ಆ ಪ್ರಶ್ನೆ. ಕಣ್ಣಿ ಹಿಡಿದು ಹೋದರೆ ಗೂಟ ಸಿಗುತ್ತದೆ. ಕಾರ್ಯದಿಂದ ಕಾರಣಕ್ಕೆ ಹೋಗುವ ದಾರಿಗೆ ಹಗ್ಗದ ಹೆಸರೇ ನಿಂತದ್ದು ದನ ಸಾಕಿದವರಿಗೆ ಸಹಜವಾಗಿಯೇ ಕಂಡಿರಬೇಕು.

ಅದೇ ‘ದಾ’ ನಮ್ಮ ಕೊಟ್ಟಿಗೆಯಲ್ಲಿ ಇನ್ನೂ ಉಳಿದಿದೆ. ದಾಮ ಎಂದರೆ ಹಗ್ಗ. ಅದರ ಬಳಗದ ದಾಮನಿ ಕನ್ನಡದಲ್ಲಿ ದಾವಣಿಯಾಯಿತು, ಸಾಲಾಗಿ ದನ ಕಟ್ಟುವ ಉದ್ದ ಹಗ್ಗ. ದಾವಣಗೆರೆಯ ಹೆಸರನ್ನೂ ಈ ದಾವಣಿಯಿಂದಲೇ ಬಿಡಿಸುವವರಿದ್ದಾರೆ. ಇನ್ನು ದಾಮೋದರ: ಬೆಣ್ಣೆ ಕದ್ದ ಮಗನ ಹೊಟ್ಟೆಗೆ ಯಶೋದೆ ಹಗ್ಗ ಬಿಗಿದಳಲ್ಲ, ಆ ಹಗ್ಗ ಹೊಟ್ಟೆಗಿರುವವನು. ಎಷ್ಟು ಹಗ್ಗ ತಂದರೂ ಎರಡು ಬೆರಳು ಸಾಲದೇ ಬರುತ್ತಿತ್ತು ಎಂಬ ಭಾಗವತದ ಕಥೆ ಚಿಕ್ಕಂದಿನಲ್ಲಿ ಕುಮಟೆಯ ನಮ್ಮನೆಯಲ್ಲಿ ಕೇಳಿದ್ದು. ಹೊಟ್ಟೆಯ ವಿಷಯದಲ್ಲಿ ನಿದಾನ ಆ ಎರಡು ಬೆರಳಿಗೆ ಈಗಲೂ ಹೆಣಗುತ್ತದೆ ಎಂದು ಆ ರಾತ್ರಿ ಅನಿಸಿತು.

ವೈದ್ಯರು ಈ ಹಗ್ಗವನ್ನು ಬೇಗನೆ ಕೈಗೆತ್ತಿಕೊಂಡರು. ಚರಕಸಂಹಿತೆಯ ಎಂಟು ಸ್ಥಾನಗಳಲ್ಲಿ ಎರಡನೆಯದೇ ನಿದಾನಸ್ಥಾನ. ಅದರಲ್ಲಿ 8 ಅಧ್ಯಾಯ. ಸುಶ್ರುತನ ನಿದಾನಸ್ಥಾನದಲ್ಲಿ 16. ಸುಮಾರು ಏಳನೆಯ ಶತಮಾನದ ಕೊನೆಗೆ ಮಾಧವಕರ ರೋಗಗಳನ್ನು ಗುರುತಿಸುವುದಕ್ಕೆಂದೇ ಒಂದು ಗ್ರಂಥ ಬರೆದ. ಅದಕ್ಕೆ ಅವನಿಟ್ಟ ಹೆಸರು ರೋಗವಿನಿಶ್ಚಯ. ಆದರೆ ಲೋಕ ಆ ಹೆಸರನ್ನು ಬದಿಗಿಟ್ಟು ಮಾಧವನಿದಾನ ಎಂದೇ ಕರೆಯಿತು. ವಿನಿಶ್ಚಯ ಬಿದ್ದುಹೋಗಿ ನಿದಾನ ಉಳಿದದ್ದರ ಬಗ್ಗೆ ನನಗೆ ಸಂತೋಷವಿದೆ.

ವೈದ್ಯರ ಲೆಕ್ಕದಲ್ಲಿ ನಿದಾನಕ್ಕೆ ಐದು ಎಳೆ. ರೋಗದ ಕಾರಣ, ರೋಗಕ್ಕೂ ಮುಂಚಿನ ಸುಳಿವು, ಎದ್ದು ಕಾಣುವ ಲಕ್ಷಣ, ರೋಗ ಬೆಳೆದು ಬಂದ ಬಗೆ, ಮತ್ತೆ ಉಪಶಯ. ಈ ಉಪಶಯವೆಂದರೆ ಯಾವುದರಿಂದ ಹಿತವಾಗುತ್ತದೆ, ಯಾವುದರಿಂದ ಹೆಚ್ಚಾಗುತ್ತದೆ ಎಂದು ಕೊಟ್ಟು ನೋಡಿ ತಿಳಿಯುವುದು. ಈ ಐದನ್ನೂ ಒಂದು ಗಳಿಗೆಯಲ್ಲಿ ಮುಗಿಸಲಾಗದು. ಸುಳಿವಿನಿಂದ ಲಕ್ಷಣಕ್ಕೆ ಬರಲು ಹೊತ್ತು ಬೇಕು, ಕೊಟ್ಟು ನೋಡಲು ಇನ್ನಷ್ಟು ಹೊತ್ತು. ಗಡಿಯಾರ ನಿದಾನದ ಒಳಗೇ ಕೂತಿದೆ.

ಇದೇ ವೈದ್ಯರ ಬಾಯಲ್ಲಿ ಹೊಟ್ಟೆಯ ತೀವ್ರ ನೋವಿಗೆ ಇದ್ದ ಹೆಸರು ಶೂಲ. ಮೊಳೆ ಹೊಡೆದಂತೆ ನೋಯುವುದರಿಂದ ಈ ಹೆಸರು ಎನ್ನುತ್ತಾನೆ ಸುಶ್ರುತ. ಶಿವ ಕಾಮನ ಮೇಲೆ ಎಸೆದ ತ್ರಿಶೂಲ ಗುರಿ ತಪ್ಪಿ ಭೂಮಿಗೆ ಬಿದ್ದು ಜನರ ಹೊಟ್ಟೆನೋವಾಯಿತೆಂಬ ಕಥೆಯೂ ಉಂಟು. ಶಸ್ತ್ರವೈದ್ಯಕ್ಕೆ ಹೆಸರು ಶಲ್ಯತಂತ್ರ. ಶಲ್ಯವೆಂದರೆ ಮೈಯಲ್ಲಿ ನಾಟಿದ ಬಾಣದ ಮೊನೆ, ಮುಳ್ಳು. ನೋವಿನ ಹೆಸರು ಈಟಿ, ಚಿಕಿತ್ಸೆಯ ಹೆಸರು ಮೊನೆ ಕೀಳುವುದು. ಈ ಎರಡು ಪದಗಳನ್ನು ಅಕ್ಕಪಕ್ಕ ಇಟ್ಟರೆ ಕೈ ತಾನಾಗಿ ಚಾಕುವಿನತ್ತ ಹೋಗುತ್ತದೆ. ಒಳಗೆ ನಿಜಕ್ಕೂ ಮೊನೆ ಇದೆಯೇ ಎಂದು ಕೇಳಲು ನಡುವೆ ನಿಂತ ಪದ ನಿದಾನ.

ಪದ ಜೈನರ ಕೈಗೆ ಸಿಕ್ಕಿ ಮುಳ್ಳೂ ಆಯಿತು. ಬೌದ್ಧರಲ್ಲಿ ಹನ್ನೆರಡು ನಿದಾನಗಳೆಂದರೆ ದುಃಖದ ಕಾರಣಸರಪಳಿ. ಅಲ್ಲಿ ಹಗ್ಗದ ನೆನಪು ಹಾಗೇ ಇದೆ. ಜೈನರಲ್ಲಿ ಮಾತ್ರ ನಿದಾನವೆಂದರೆ ತಪಸ್ಸಿನ ಫಲವಾಗಿ ಇಂಥದ್ದೇ ಸಿಗಲಿ ಎಂದು ಮೊದಲೇ ಬಯಸುವುದು. ಮಾಯೆ, ಮಿಥ್ಯೆ, ನಿದಾನ ಈ ಮೂರೂ ವ್ರತಿಯೊಳಗೆ ಇರಬಾರದ ಶಲ್ಯಗಳು. ಪಂಪ 941ರಲ್ಲಿ ಮುಗಿಸಿದ ಆದಿಪುರಾಣದ ಭವಾವಳಿಯಲ್ಲಿ ಜಯವರ್ಮನೆಂಬ ತಪಸ್ವಿ ಬರುತ್ತಾನೆ. ಆಕಾಶದಲ್ಲಿ ಹೋಗುವ ವಿದ್ಯಾಧರನ ವೈಭವ ಕಂಡು ತನಗೂ ಅದು ಆಗಲೆಂದು ಆಸೆಪಟ್ಟ. ಆ ನಿದಾನ ಅವನನ್ನು ಮಹಾಬಲನಾಗಿ ಹುಟ್ಟಿಸಿ ಮತ್ತೆ ಭೋಗಕ್ಕೆ ಕಟ್ಟಿಹಾಕಿತು. ಕೊನೆ ಏನಿರಬೇಕೆಂದು ಮೊದಲೇ ಗೊತ್ತುಮಾಡಿಕೊಂಡವನ ಕಾಲಿಗೆ ಬಿದ್ದ ಕಣ್ಣಿ ಅದು. ರೋಗಿಯನ್ನು ಮುಟ್ಟುವ ಮೊದಲೇ ರೋಗದ ಹೆಸರು ಗೊತ್ತುಮಾಡಿಕೊಳ್ಳುವ ವೈದ್ಯರನ್ನು ಕಂಡಾಗಲೆಲ್ಲ ನನಗೆ ಜಯವರ್ಮ ನೆನಪಾಗುತ್ತಾನೆ.

ಕನ್ನಡದಲ್ಲಿ ಈ ಪದ ‘ಮೆಲ್ಲಗೆ’ ಆದದ್ದು ಹೇಗೆ? ನಾವೀಗ ಅದನ್ನು ಮಹಾಪ್ರಾಣ ಹಾಕಿ ನಿಧಾನ ಎಂದು ಬರೆಯುತ್ತೇವೆ. ಸಂಸ್ಕೃತದ ನಿಧಾನ ಬೇರೆಯೇ ಪದ. ಇಡುವುದು, ಇಟ್ಟ ಜಾಗ, ನಿಧಿ ಎಂದು ಅದರ ಅರ್ಥ. ಅಕ್ಕಮಹಾದೇವಿಯ ವಚನದಲ್ಲಿ ನೆಲದ ಮರೆಯಲ್ಲಿರುವುದು ಆ ನಿಧಾನ. ಅಲ್ಲಿಂದ ಮೆಲ್ಲಗೆ ಎಂಬ ಅರ್ಥಕ್ಕೆ ದಾರಿ ಕಾಣುವುದಿಲ್ಲ. ನಿದಾನದಿಂದ ದಾರಿ ಇದೆ. ಕಾರಣ ಹುಡುಕುವುದು, ಹುಡುಕುತ್ತ ವಿಚಾರ ಮಾಡುವುದು, ವಿಚಾರ ಮಾಡಿ ಹೆಜ್ಜೆ ಇಡುವುದು, ಹೀಗೆ ಆತುರವಿಲ್ಲದಿರುವುದು. ನಿದಾನಿಸಿ ನೋಡು ಎಂಬ ಮಾತಿನಲ್ಲಿ ಈ ಎಲ್ಲ ಹೆಜ್ಜೆಗಳೂ ಒಟ್ಟಿಗೆ ಇವೆ. ತೆಲುಗಿನವರು ಮೆಲ್ಲಗೆ ಎಂಬರ್ಥದಲ್ಲಿ ‘ನಿದಾನಂ’ ಎಂದು ಅಲ್ಪಪ್ರಾಣದಲ್ಲೇ ಬರೆಯುತ್ತಾರೆ. ತಮಿಳಿನ ನಿದಾನಂ ಎಂದರೆ ತೂಕ ತಪ್ಪದ ಸಮಚಿತ್ತ. ಮಲಯಾಳದಲ್ಲಿ ಅದು ಕಾರಣವಾಗಿಯೇ ಉಳಿದಿದೆ. ನಾಲ್ಕನ್ನೂ ಸೇರಿಸಿ ನೋಡಿದರೆ ನಮ್ಮ ‘ಧಾ’ ಆಮೇಲೆ ಸೇರಿಕೊಂಡ ಹೊಟ್ಟೆಯೆಂದೇ ನನ್ನ ತೀರ್ಮಾನ. ಆಡುವಾಗ ಬಹುಪಾಲು ಜನ ಆ ಹೊಟ್ಟೆಯನ್ನು ಸೀಳುವುದೂ ಇಲ್ಲ, ನಿದಾನ ಎಂದೇ ಅನ್ನುತ್ತೇವೆ.

ಮರಾಠಿ ಇನ್ನೊಂದು ದಾರಿ ಹಿಡಿಯಿತು. ಮೂಲಕಾರಣ ಎಂದರೆ ಹಿಂದೆ ಹಿಂದೆ ಹೋಗಿ ತಲುಪುವ ಕೊನೆ. ಹಳೆಯ ಹಿಂದಿ ಗದ್ಯದಲ್ಲಿ ನಿದಾನ್ ಎಂದರೆ ‘ಕೊನೆಗೆ’. ಮರಾಠಿಯಲ್ಲಿ ಆ ಕೊನೆ ಇನ್ನೂ ಇಳಿದು ‘ಕಡೇಪಕ್ಷ’ ಆಯಿತು. ಕನ್ನಡದ ಕಡೇಪಕ್ಷದಲ್ಲೂ ಕಡೆ ಇದೆಯಲ್ಲ, ಅದೇ ದಾರಿ. ಮೆಲ್ಲಗೆ ಎನ್ನಲು ಅವರಿಗೆ ಸಾವಕಾಶ ಇದೆ. ಅದು ಧಾರವಾಡದವರಿಗೂ ಇದೆ.

ಆದರೆ ಕನ್ನಡದವರ ಬಗ್ಗೆ ನನಗೊಂದು ಹೆಮ್ಮೆ. ರೋಗವನ್ನು ಗುರುತಿಸುವ ಪದವನ್ನೇ ಸಮಾಧಾನದ ಪದವನ್ನಾಗಿ ಮಾಡಿಕೊಂಡು, ತಡಕ್ಕೆ ಬೇರೆ ಪದ ಇಟ್ಟುಕೊಂಡಿದ್ದೇವೆ. ನಿಧಾನ ಬೇರೆ, ತಡ ಬೇರೆ. ತಡದಲ್ಲಿ ಮಾಡಬೇಕಾದದ್ದು ಮಾಡದೆ ಉಳಿದಿರುತ್ತದೆ. ನಿಧಾನದಲ್ಲಿ ಮಾಡುತ್ತಲೇ ಇರುತ್ತೇವೆ, ನೋಡುತ್ತ ಮಾಡುತ್ತೇವೆ. ನಿಧಾನಸ್ಥ ಎಂದು ಒಬ್ಬರನ್ನು ಹೊಗಳಬಹುದು. ತಡಮಾಡುವವನೆಂದು ಯಾರೂ ಹೊಗಳುವುದಿಲ್ಲ. ಅಪೆಂಡಿಕ್ಸಿನ ಇತಿಹಾಸವನ್ನು ಓದುತ್ತ ಹೋದ ಹಾಗೆ, ಈ ಎರಡು ಪದಗಳ ನಡುವಿನ ಗೆರೆಯನ್ನು ಕಂಡುಕೊಳ್ಳಲು ವೈದ್ಯರು ನೂರಿಪ್ಪತ್ತು ವರ್ಷ ಪಟ್ಟ ಕಷ್ಟವೇ ಅದರ ಕಥೆ ಎಂದು ನನಗೆ ಗೊತ್ತಾಯಿತು.

ಅಪೆಂಡಿಕ್ಸ್ ಎಂದರೆ ಲ್ಯಾಟಿನ್ನಿನಲ್ಲಿ ತೂಗುಬಿದ್ದದ್ದು. ದೊಡ್ಡಕರುಳು ಶುರುವಾಗುವಲ್ಲಿ ಕಿರುಬೆರಳಿನಂತೆ ಜೋತಿರುವ ಕೊಳವೆ. ಕರುಳುಬಾಲ, ಅಂತ್ರಪುಚ್ಛ ಎಂದು ಪುಸ್ತಕದಲ್ಲಿ ಬರೆದರೂ ನಮ್ಮ ಜನ ಹೇಳುವುದು ಅಪೆಂಡಿಕ್ಸ್ ಎಂದೇ. ಕಾಯಿಲೆಗೂ ಅದೇ ಹೆಸರು, ‘ಅವನಿಗೆ ಅಪೆಂಡಿಕ್ಸ್ ಆಗಿದೆ’ ಎನ್ನುತ್ತಾರೆ. ಕಾಯಿಲೆಗೆ ಅಪೆಂಡಿಸೈಟಿಸ್ ಎಂದು ಹೆಸರಿಟ್ಟವನು ಬಾಸ್ಟನ್ನಿನ ರೆಜಿನಾಲ್ಡ್ ಫಿಟ್ಜ್, 1886ರಲ್ಲಿ. ಅಲ್ಲಿಯವರೆಗೆ ಬಲಗಡೆಯ ಕೆಳಹೊಟ್ಟೆಯ ಬಾವನ್ನು ದೊಡ್ಡಕರುಳಿನ ಮೊದಲ ಚೀಲದ ಲೆಕ್ಕಕ್ಕೆ ಹಾಕುತ್ತಿದ್ದರು. ಬಾವಿನ ಬೇರು ಈ ಪುಟ್ಟ ಬಾಲದಲ್ಲಿದೆ, ಬೇಗ ಗುರುತಿಸಿ ತೆಗೆಯಬೇಕು ಎಂದು ಫಿಟ್ಜ್ ತೋರಿಸಿದ. ಮೂರು ವರ್ಷಕ್ಕೆ ನ್ಯೂಯಾರ್ಕಿನ ಚಾರ್ಲ್ಸ್ ಮೆಕ್‌ಬರ್ನಿ, ಸೊಂಟದ ಬಲ ಎಲುಬಿನ ತುದಿಯಿಂದ ಹೊಕ್ಕುಳಿನ ಕಡೆ ಒಂದೂವರೆಯಿಂದ ಎರಡು ಇಂಚಿನ ಒಳಗೆ, ಒಂದೇ ಬೆರಳಿನಲ್ಲಿ ಒತ್ತಿ ನೋಡಬೇಕಾದ ಜಾಗವನ್ನು ಹೇಳಿದ.

ಲಂಡನ್ನಿನಲ್ಲಿ ಆ ಹೊತ್ತಿಗೆ ಈ ಕಾಯಿಲೆಯಲ್ಲಿ ಹೆಸರಾದವನು ಫ್ರೆಡರಿಕ್ ಟ್ರೀವ್ಸ್. ಬಾವು ಇಳಿಯುವವರೆಗೆ ಕಾದು ಆಮೇಲೆ ಕತ್ತಿ ಹಿಡಿಯಬೇಕು ಎಂಬುದು ಅವನ ಪಕ್ಷ. 1900ರಲ್ಲಿ ಹದಿನೆಂಟರ ಅವನ ಮಗಳೇ ಇದೇ ಕಾಯಿಲೆಯಿಂದ ಸತ್ತಳು. ನಿಧಾನ ತಡವಾಗುವುದು ಹೇಗೆಂದು ಅವನಷ್ಟು ಕಹಿಯಾಗಿ ತಿಳಿದವರು ಇರಲಿಕ್ಕಿಲ್ಲ. ಎರಡು ವರ್ಷದ ಮೇಲೆ, 1902ರ ಜೂನ್ 26ಕ್ಕೆ ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕ ಗೊತ್ತಾಗಿತ್ತು. ದೊರೆಗೆ ಬಲಹೊಟ್ಟೆಯಲ್ಲಿ ಕೀವು ಕಟ್ಟಿತು. ಪಟ್ಟಾಭಿಷೇಕ ಮುಂದೆ ಹಾಕಲು ಒಪ್ಪದ ದೊರೆಯನ್ನು ಟ್ರೀವ್ಸ್ ಒಪ್ಪಿಸಿ ಜೂನ್ 24ರಂದು ಆಪರೇಶನ್ ಮಾಡಿದ. ಕೀವು ತೆಗೆದ, ಅಪೆಂಡಿಕ್ಸನ್ನು ಒಳಗೇ ಬಿಟ್ಟ. ಆಗಸ್ಟ್ 9ಕ್ಕೆ ದೊರೆ ಕಿರೀಟ ತೊಟ್ಟ. ಮಗಳ ಸಾವಿನ ನಂತರ ತಡಮಾಡದಷ್ಟು ಕಲಿತವನು, ಬೇಕಾದದ್ದಕ್ಕಿಂತ ಹೆಚ್ಚು ಕೊಯ್ಯದಷ್ಟು ನಿಧಾನವನ್ನೂ ಉಳಿಸಿಕೊಂಡಿದ್ದ.

ವಡಾಲದವರಿಗೆ ಆ ದೊರೆಯ ಹೆಸರು ದಿನಬಳಕೆಯದು. ಪರೇಲಿನಲ್ಲಿ 1926ರಲ್ಲಿ ತೆರೆದ ಕೆಇಎಂ ಆಸ್ಪತ್ರೆ ಅವನ ನೆನಪಿನದು, ಕಿಂಗ್ ಎಡ್ವರ್ಡ್ ಮೆಮೋರಿಯಲ್. ಅದರ ಜೊತೆಗಿನ ಗೋರ್ಧನದಾಸ್ ಸುಂದರದಾಸ್ ಮೆಡಿಕಲ್ ಕಾಲೇಜಿನಲ್ಲಿ ಭಾರತೀಯರೇ ಪಾಠ ಹೇಳಬೇಕು ಎಂಬ ಷರತ್ತಿನ ಮೇಲೆ ದಾನಿಗಳು ಹಣ ಕೊಟ್ಟಿದ್ದರು. ಅಪೆಂಡಿಕ್ಸಿನಿಂದ ಪಟ್ಟ ಮುಂದಕ್ಕೆ ಹೋದ ರಾಜನ ಹೆಸರಿನ ಆ ಕಟ್ಟಡಕ್ಕೆ ಹೊಟ್ಟೆ ಹಿಡಿದುಕೊಂಡು ಹೋದ ನಮ್ಮವರಿಗೆ ಲೆಕ್ಕವಿಲ್ಲ.

ಇಪ್ಪತ್ತನೆಯ ಶತಮಾನದ ಬಹುಭಾಗ ಶಸ್ತ್ರವೈದ್ಯರಿಗೆ ಕಲಿಸಿದ ಸೂತ್ರ, ಅನುಮಾನವಿದ್ದರೆ ತೆಗೆದುಬಿಡು. ಒಡೆದರೆ ಪ್ರಾಣಕ್ಕೆ ಬರುತ್ತದೆ, ಆದ್ದರಿಂದ ನೂರು ಹೊಟ್ಟೆ ತೆರೆದರೆ ಹದಿನೈದಿಪ್ಪತ್ತರಲ್ಲಿ ಅಪೆಂಡಿಕ್ಸ್ ಚೆನ್ನಾಗಿಯೇ ಸಿಕ್ಕರೂ ತಪ್ಪಲ್ಲ ಎಂದು ಪಠ್ಯಗಳೇ ಹೇಳಿದವು. ಹರೆಯದ ಹೆಣ್ಣುಮಕ್ಕಳಲ್ಲಿ ಈ ತಪ್ಪು ಇನ್ನೂ ಹೆಚ್ಚು. ಅಂಡಾಶಯದ ಗುಳ್ಳೆ ಒಡೆದರೂ, ತಿಂಗಳ ನಡುವೆ ಅಂಡ ಬಿಡುಗಡೆಯಾಗುವಾಗಲೂ, ಗರ್ಭ ನಾಳದಲ್ಲಿ ನಿಂತಾಗಲೂ ನೋವು ಅದೇ ಜಾಗಕ್ಕೆ ಬರಬಹುದು.

ಆ ಹದಿನೈದಿಪ್ಪತ್ತರಲ್ಲಿ ಒಬ್ಬಳು ನನ್ನ ತಂಗಿ. ಅವಳಿಗಾಗ ಹತ್ತೊಂಬತ್ತು. ಬೆಳಿಗ್ಗೆ ನೋವು ಬಂತು, ಸಂಜೆಯೊಳಗೆ ಒಂದು ನರ್ಸಿಂಗ್ ಹೋಮಿನಲ್ಲಿ ಆಪರೇಶನ್ ಮುಗಿದಿತ್ತು. ರಕ್ತಪರೀಕ್ಷೆ ಎರಡನೆಯ ಸಲ ಮಾಡಲಿಲ್ಲ, ತಿಂಗಳ ದಿನ ಯಾವುದೆಂದು ಯಾರೂ ಕೇಳಲಿಲ್ಲ. ತೆಗೆದ ತುಂಡಿನ ವರದಿಯಲ್ಲಿ ದೋಷವಿಲ್ಲ ಎಂದು ಬಂತು. ಅಂದು ನಾವು ಅದನ್ನು ಒಳ್ಳೆಯ ಸುದ್ದಿಯೆಂದೇ ತಿಳಿದು ಪೇಡೆ ಹಂಚಿದ್ದೆವು. ಆರು ವರ್ಷಕ್ಕೆ ಹಳೆಯ ಗಾಯದ ಬಳಿ ಕರುಳಿಗೆ ಕರುಳು ಅಂಟಿಕೊಂಡು ದಾರಿ ಕಟ್ಟಿತು. ಹಸಿರು ವಾಂತಿ, ಉಬ್ಬಿದ ಹೊಟ್ಟೆ, ಮತ್ತೆ ಆಪರೇಶನ್. ಈ ಸಲದ ಗಾಯ ಹೊಕ್ಕುಳಿನ ಮೇಲಿನಿಂದ ಕೆಳಗಿನವರೆಗೆ. ಅವಳು ಬದುಕಿದಳು. ಆದರೆ ಅನಗತ್ಯ ಆಪರೇಶನ್ ಎಂದರೆ ಒಂದು ಸಣ್ಣ ಗೀರು ತಾನೆ ಎಂದು ಯಾರಾದರೂ ಅಂದರೆ ನನಗೆ ಇಂದಿಗೂ ಸುಮ್ಮನೆ ಕೂರಲಾಗುವುದಿಲ್ಲ.

ಇನ್ನೊಂದು ಬದಿಯನ್ನೂ ನಾನು ನೋಡಿದ್ದೇನೆ. ಊರಲ್ಲಿ ಹೊಟ್ಟೆನೋವಿಗೆ ಬಟ್ಟಿ ಜಾರಿದೆ ಎಂದು ನೀವುತ್ತಿದ್ದರು, ಹೊಟ್ಟೆ ತೊಳೆಯಲಿ ಎಂದು ಹರಳೆಣ್ಣೆ ಕುಡಿಸುತ್ತಿದ್ದರು. ಬಾವು ಬಂದ ಅಪೆಂಡಿಕ್ಸಿಗೆ ಇವೆರಡೂ ಅಪಾಯ, ಒಡೆಯುವುದನ್ನು ಒಡೆಸಿಬಿಡಬಹುದು. ಮನೆಯಲ್ಲೇ ಕೂತು ಎರಡು ದಿನ ನೀವಿಸಿಕೊಂಡದ್ದನ್ನು ನಿಧಾನ ಎನ್ನಲಾಗದು. ಅದು ತಡ.

ಗೆರೆ ಎಳೆಯುವ ಕೆಲಸ ನಿಜವಾಗಿ ಶುರುವಾದದ್ದು ಎಪ್ಪತ್ತರ ದಶಕದಲ್ಲಿ. ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಪಿ. ಎಫ್. ಜೋನ್ಸ್ ಎಂಬ ಶಸ್ತ್ರವೈದ್ಯ, ಹೊಟ್ಟೆನೋವಿನ ಮಕ್ಕಳಲ್ಲಿ ಸಂಶಯವಿದ್ದವರನ್ನು ಕೂಡಲೇ ಕೊಯ್ಯದೆ ಆಸ್ಪತ್ರೆಯಲ್ಲೇ ಇಟ್ಟುಕೊಂಡು, ಎರಡು ಮೂರು ಗಂಟೆಗೊಮ್ಮೆ ಹೊಟ್ಟೆ ಮುಟ್ಟಿ ನೋಡುವ ಕ್ರಮವನ್ನು 1976ರಲ್ಲಿ ಪ್ರಕಟಿಸಿದ. ಕಾಯುವುದನ್ನೂ ಒಂದು ಕೆಲಸವಾಗಿ ಮಾಡುವ ರೀತಿ ಅದು. ಅಪೆಂಡಿಸೈಟಿಸ್ ಆಗಿದ್ದರೆ ಹೊತ್ತು ಹೋದಂತೆ ಗುರುತು ಗಟ್ಟಿಯಾಗುತ್ತದೆ. ಅಲ್ಲದಿದ್ದರೆ ಬಹಳಷ್ಟು ನೋವು ತಾನೇ ಇಳಿಯುತ್ತದೆ. ಅದಕ್ಕೂ ನಾಲ್ಕು ವರ್ಷ ಮೊದಲು ಲೀಡ್ಸ್‌ನಲ್ಲಿ ಡಿ ಡೊಂಬಾಲ್ ಮತ್ತು ಅವರ ಗೆಳೆಯರು 304 ರೋಗಿಗಳ ಹೊಟ್ಟೆನೋವಿನ ವಿವರಗಳನ್ನು ಕಂಪ್ಯೂಟರಿಗೆ ಕೊಟ್ಟು ನೋಡಿದ್ದರು. ಹಿರಿಯ ವೈದ್ಯರು ನೂರಕ್ಕೆ 79.6 ಸಲ ಸರಿಯಾಗಿ ಹೇಳಿದ್ದನ್ನು ಯಂತ್ರ 91.8 ಸಲ ಹೇಳಿತು. ಯಂತ್ರಕ್ಕೆ ಆ ಬಲ ಬಂದದ್ದು, ಪ್ರತಿ ರೋಗಿಗೂ ಎಲ್ಲ ಪ್ರಶ್ನೆಗಳನ್ನೂ ಬಿಡದೆ ಕೇಳಿ ಬರೆದುಕೊಂಡಿದ್ದರಿಂದ ಕೂಡ.

ಫಿಟ್ಜ್ ಹೆಸರಿಟ್ಟು ಸರಿಯಾಗಿ ನೂರು ವರ್ಷಕ್ಕೆ, 1986ರಲ್ಲಿ, ಎರಡು ಸಂಗತಿ ಒಟ್ಟಿಗೆ ನಡೆದವು. ಫಿಲಡೆಲ್ಫಿಯಾದ ಆಲ್ಫ್ರೆಡೋ ಆಲ್ವರಾಡೋ 305 ರೋಗಿಗಳ ದಾಖಲೆ ತೆಗೆದು ಹತ್ತು ಅಂಕದ ಲೆಕ್ಕ ಹಾಕಿದ. ಹೊಕ್ಕುಳ ಸುತ್ತಲಿನ ನೋವು ಬಲಕ್ಕಿಳಿದರೆ ಒಂದು, ಊಟ ಸೇರದಿದ್ದರೆ ಒಂದು, ವಾಂತಿಗೆ ಒಂದು, ಬಲಕೆಳಗೆ ಮುಟ್ಟಿದರೆ ನೋವಿಗೆ ಎರಡು, ಒತ್ತಿದ ಕೈ ಬಿಟ್ಟಾಗ ನೋವಿಗೆ ಒಂದು, ಜ್ವರಕ್ಕೆ ಒಂದು, ಬಿಳಿ ರಕ್ತಕಣ ಏರಿದ್ದರೆ ಎರಡು, ಅವುಗಳಲ್ಲಿ ಎಳೆಯ ಕಣ ಹೆಚ್ಚಿದ್ದರೆ ಒಂದು. ಏಳು ಮುಟ್ಟಿದರೆ ಆಪರೇಶನ್ನಿನ ಕಡೆ, ಐದು ಆರು ಇದ್ದರೆ ಕಾದು ನೋಡು. ಹಳ್ಳಿಯ ಆಸ್ಪತ್ರೆಯಲ್ಲೂ ಕೈ ಮತ್ತು ಒಂದು ರಕ್ತಪರೀಕ್ಷೆಯಿಂದ ಇದು ಆಗುತ್ತದೆ ಎಂಬುದೇ ಇದರ ದೊಡ್ಡ ಗುಣ. ಅದೇ ವರ್ಷ ಹಾಲೆಂಡಿನ ಯೂಲಿಯೆನ್ ಪೌಲಾರ್ಟ್, ಸೋನೋಗ್ರಫಿಯ ಬಿಲ್ಲೆಯನ್ನು ಮೆಲ್ಲಗೆ ಒತ್ತುತ್ತ ಹೋಗಿ ಕರುಳಿನ ಗಾಳಿ ಸರಿಸಿ, ಊದಿದ ಅಪೆಂಡಿಕ್ಸನ್ನು ಕಣ್ಣಿಗೆ ತೋರಿಸಿದ. ತೊಂಬತ್ತರ ದಶಕದ ಕೊನೆಗೆ ಈ ಕಾಯಿಲೆ ಗುರುತಿಸಲು ಸಿಟಿ ಸ್ಕ್ಯಾನೂ ಬಳಕೆಗೆ ಬಂತು.

ಕೊಯ್ಯದೆ ಗುಣಪಡಿಸುವ ಪ್ರಯತ್ನವೂ ನಡೆದಿದೆ. ಫಿನ್ಲೆಂಡಿನಲ್ಲಿ 2015ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ತೊಡಕಿಲ್ಲದ ಅಪೆಂಡಿಸೈಟಿಸಿಗೆ ಬರೀ ಆ್ಯಂಟಿಬಯೋಟಿಕ್ ಕೊಟ್ಟವರಲ್ಲಿ ನೂರಕ್ಕೆ 27 ಮಂದಿಗೆ ವರ್ಷದೊಳಗೆ ಆಪರೇಶನ್ ಬೇಕಾಯಿತು. ಐದು ವರ್ಷಕ್ಕೆ ಅದು 39 ಆಯಿತು. ಅಮೆರಿಕದಲ್ಲಿ 1552 ಜನರ ಮೇಲೆ ನಡೆದು 2020ರಲ್ಲಿ ಬಂದ ಪರೀಕ್ಷೆಯಲ್ಲಿ ಮೂರು ತಿಂಗಳಲ್ಲೇ 29. ಕಾಯಿಲೆ ಇದೆಯೆಂದು ಖಚಿತವಾದ ಮೇಲೂ ರೋಗಿಗೆ ಎರಡು ದಾರಿಗಳಿವೆ, ಅವನನ್ನು ಕೂರಿಸಿ ಹೇಳಬೇಕು ಎಂಬಷ್ಟನ್ನು ಇವು ಗಟ್ಟಿಮಾಡಿವೆ.

ನಮ್ಮ ಊರಿನ ಹೊಟ್ಟೆಗೆ ಇದರ ಮೇಲೂ ತೊಡಕುಗಳಿವೆ. ವಡಾಲದ ಪಕ್ಕದಲ್ಲೇ ಸೇವ್ರಿಯ ಕ್ಷಯರೋಗ ಆಸ್ಪತ್ರೆಗಳ ಸಾಲಿದೆ. ಕ್ಷಯವೆಂದರೆ ಎದೆಯದು ಎಂದು ತಿಳಿದವರಿಗೆ, ಸಣ್ಣಕರುಳು ದೊಡ್ಡಕರುಳಿಗೆ ಸೇರುವ ಬಲಗಡೆಯ ಮೂಲೆ ಅದರ ಮೆಚ್ಚಿನ ತಾವು ಎಂಬುದು ಗೊತ್ತಿರುವುದಿಲ್ಲ. ಟೈಫಾಯಿಡ್ ಅಲ್ಲೇ ಕೂರುತ್ತದೆ, ಆಮಶಂಕೆಯ ಅಮೀಬಾ ಅಲ್ಲೇ, ಮಕ್ಕಳಲ್ಲಿ ಊದಿಕೊಳ್ಳುವ ಹಾಲುರಸದ ಗಂಟುಗಳೂ ಅಲ್ಲೇ. ಬೇರೆ ದೇಶದ ಅಂಕಪಟ್ಟಿ ಇಲ್ಲಿ ನೆರವಾಗುತ್ತದೆ, ಆದರೆ ಕೇಳುವ ಪ್ರಶ್ನೆಗಳಲ್ಲಿ ಇಲ್ಲಿನವನ್ನೂ ಸೇರಿಸಬೇಕು: ಮನೆಯಲ್ಲಿ ಯಾರಿಗಾದರೂ ಕ್ಷಯ ಇತ್ತೇ, ತಿಂಗಳುಗಳಿಂದ ತೂಕ ಇಳಿದಿದೆಯೇ, ಕುಡಿಯುವ ನೀರು ಎಲ್ಲಿಯದು.

ನಮ್ಮ ಹುಡುಗನನ್ನು ಆ ರಾತ್ರಿ ಡಾಕ್ಟರು ಕೇಳಿದ ಪ್ರಶ್ನೆಗಳಲ್ಲಿ ಕೊನೆಯದು ನನಗೆ ವಿಚಿತ್ರವೆನಿಸಿತ್ತು. ದಿನಕ್ಕೆ ಎಷ್ಟು ನೀರು ಕುಡಿಯುತ್ತೀ? ಅವನು ಯೋಚಿಸಿ, ಕೆಲಸದ ಹೊತ್ತಿನಲ್ಲಿ ಕುಡಿದರೆ ಮೂತ್ರಕ್ಕೆ ಹೋಗಬೇಕಾಗುತ್ತದೆ, ಹಾಗಾಗಿ ಕಡಿಮೆ ಎಂದ. ಮೊದಲ ರಕ್ತಪರೀಕ್ಷೆಯಲ್ಲಿ ಬಿಳಿಕಣ ಸ್ವಲ್ಪವೇ ಮೇಲಿತ್ತು. ವಾಂತಿ ಒಂದು ಸಲ ಆಗಿತ್ತು. ಬಲಗಡೆ ಕೆಳಗೆ ಮುಟ್ಟಿದರೆ ನೋವು ಇತ್ತು. ಭಟ್ಟರು ನನ್ನ ಸೆರಗು ಜಗ್ಗುವಷ್ಟು ಹತ್ತಿರ ಬಂದು ಹೇಳುತ್ತಿದ್ದರು, ‘ಕೊಯ್ದ್ ತೆಗೂಕೆ ಹೇಳಿ ಟೀಚರೇ, ನಾಳೆಗೆ ಒಡ್ದ್ ಹೋರೆ ಎಂತ ಮಾಡುದ್? ಅವ್ನ ಅಬ್ಬಿಗೆ ನಾನ್ ಎಂತ ಹೇಳ್ಲಿ?’

ನಾನು ಅದನ್ನು ಮರಾಠಿಗೆ ತಂದೆ. ಆ ಡಾಕ್ಟರಿಗೆ ಇಪ್ಪತ್ತಾರೋ ಇಪ್ಪತ್ತೇಳೋ ಇರಬೇಕು, ಕಣ್ಣಲ್ಲಿ ನಿದ್ದೆಯಿತ್ತು. ಆಕೆ ಸಿಟ್ಟಾಗಲಿಲ್ಲ. ನಾನು ಎಲ್ಲಿಗೂ ಹೋಗುವುದಿಲ್ಲ, ಎರಡು ಗಂಟೆಗೊಮ್ಮೆ ನಾನೇ ಮುಟ್ಟಿ ನೋಡುತ್ತೇನೆ, ಗಟ್ಟಿಯಾದರೆ ಆ ಕ್ಷಣ ಥಿಯೇಟರಿಗೆ ಒಯ್ಯುತ್ತೇನೆ ಎಂದರು. ಬಾಯಿಗೆ ಏನೂ ಕೊಡಬೇಡಿ ಎಂದು ಸಲೈನ್ ಹಾಕಿಸಿ, ನೋವಿಗೆ ಇಂಜೆಕ್ಷನ್ ಕೊಡಿಸಿದರು. ನೋವು ಇಳಿಸಿದರೆ ರೋಗ ಮರೆಯಾಗುವುದಿಲ್ಲವೇ ಎಂದು ನಾನು ಕೇಳಿದೆ, ಎಲ್ಲೋ ಓದಿದ್ದೆ. ಹಳೆಯ ಪುಸ್ತಕಗಳಲ್ಲಿ ಹಾಗಿತ್ತು, ಈಗ ಹಾಗಲ್ಲ, ನೋವಿನಲ್ಲಿ ಬಿಗಿಹಿಡಿದ ಹೊಟ್ಟೆಗಿಂತ ಸಡಿಲ ಹೊಟ್ಟೆಯನ್ನು ಮುಟ್ಟುವುದು ಸುಲಭ ಎಂದರು. ಆ ಮಾತನ್ನು ಹುಡುಗನಿಗೆ ಕನ್ನಡದಲ್ಲಿ ಹೇಳುವಾಗ ನನ್ನ ಬಾಯಲ್ಲಿ ಬಂದ ಪದ ನಿಧಾನವೇ. ಈ ಸಲ ಅವನು ತಲೆಯಾಡಿಸಿದ.

ಅಪೆಂಡಿಕ್ಸಿನ ನೋವು ಮೊದಲು ಹೊಕ್ಕುಳ ಸುತ್ತ ಬರುವುದು ಏಕೆಂದು ಆಕೆ ಕೇಸ್‌ಪೇಪರಿನ ಹಿಂಬದಿಯಲ್ಲಿ ಗೆರೆ ಎಳೆದು ನನಗೆ ತೋರಿಸಿದರು. ಅಪೆಂಡಿಕ್ಸಿನ ನರವೂ ಹೊಕ್ಕುಳಿನ ಚರ್ಮದ ನರವೂ ಬೆನ್ನುಹುರಿಯ ಒಂದೇ ಮೆಟ್ಟಿಲಿಗೆ ಬಂದು ಸೇರುತ್ತವೆ. ಮಿದುಳಿಗೆ ಯಾರು ಬಾಗಿಲು ತಟ್ಟಿದರೆಂದು ತಿಳಿಯುವುದಿಲ್ಲ. ಬಾವು ಹೆಚ್ಚಿ ಹೊಟ್ಟೆಯ ಒಳಪೊರೆಗೆ ತಾಗಿದ ಮೇಲೆಯೇ ನೋವು ತನ್ನ ನಿಜವಾದ ವಿಳಾಸ ಹೇಳುತ್ತದೆ. ಅದಕ್ಕೆ ಸಾಮಾನ್ಯವಾಗಿ ಅರ್ಧದಿಂದ ಒಂದು ದಿನ.

ರಾತ್ರಿ ಎರಡಕ್ಕೆ ಮುಟ್ಟಿದರು. ಅಷ್ಟೇ ನೋವು. ಮೂರೂವರೆಗೆ ಹುಡುಗ ಎದ್ದು ಕೂತ, ಮಂಚದಿಂದ ಇಳಿದ, ಸಲೈನಿನ ಕಂಬ ಹಿಡಿದುಕೊಂಡು ವಾರ್ಡಿನಲ್ಲಿ ಆಚೀಚೆ ನಡೆದ, ಮತ್ತೆ ಬಂದು ಬಿದ್ದು ಹೊರಳಾಡಿದ. ನೋವು ಬೆನ್ನಿನಿಂದ ಕೆಳಗೆ ತೊಡೆಸಂದಿಗೆ ಇಳಿಯುತ್ತಿದೆ ಎಂದ. ನಾನು ಹೆದರಿ ಓಡಿದೆ. ಆಕೆ ಬಂದು ನೋಡಿದವರು ಹೆದರಲಿಲ್ಲ, ನಸುನಕ್ಕರು. ಹೊಟ್ಟೆಯ ಒಳಪೊರೆ ಉರಿಯುತ್ತಿದ್ದರೆ ಯಾರೂ ಅಲ್ಲಾಡುವುದಿಲ್ಲ, ಕೆಮ್ಮಲೂ ಅಂಜುತ್ತಾರೆ. ಹೀಗೆ ಹೊರಳಾಡಿಸುವುದು ಕಲ್ಲು. ಮೂತ್ರಪರೀಕ್ಷೆಯಲ್ಲಿ ಕೆಂಪುಕಣ ಸಿಕ್ಕಿತು. ಎರಡನೆಯ ರಕ್ತಪರೀಕ್ಷೆಯಲ್ಲಿ ಬಿಳಿಕಣ ಇಳಿದಿತ್ತು. ಬೆಳಿಗ್ಗೆ ಸೋನೋಗ್ರಫಿಯಲ್ಲಿ ಬಲ ಮೂತ್ರನಾಳದ ಕೊನೆಯಲ್ಲಿ ಒಂದು ಪುಟ್ಟ ಕಲ್ಲು ಕಂಡಿತು. ಒಲೆಯ ಮುಂದೆ ಬೆವರಿ, ನೀರು ಕುಡಿಯದೆ, ಮುಂಬಯಿಯ ಮೇ ತಿಂಗಳು ಅವನ ಮೈಯೊಳಗೆ ಕಟ್ಟಿದ ಕಲ್ಲು. ಮೊದಲ ಪರೀಕ್ಷೆಯ ಹೊತ್ತಿಗೇ ಕತ್ತರಿಸಿದ್ದರೆ ಅಪೆಂಡಿಕ್ಸ್ ಹೋಗಿರುತ್ತಿತ್ತು, ಕಲ್ಲು ಅಲ್ಲೇ ಇರುತ್ತಿತ್ತು.

ಮನೆಗೆ ಹೋಗುವ ದಾರಿಯಲ್ಲಿ ವಡಾಲದ ವಿಠ್ಠಲ ಮಂದಿರಕ್ಕೆ ಭಟ್ಟರು ಕೈಮುಗಿಯಲು ನಿಂತರು. ಪ್ರತಿಪಂಢರಪುರ ಎಂದು ಕರೆಯುವ ಗುಡಿ. ಒಳಗಿರುವವನನ್ನು ಜ್ಞಾನೇಶ್ವರರು ಕನ್ನಡದವನೆಂದೇ ಹಾಡಿದ್ದಾರೆ. ತಂದೆತಾಯಿಯ ಸೇವೆ ಮುಗಿಯಲಿ, ಅಲ್ಲಿಯವರೆಗೆ ಇದರ ಮೇಲೆ ನಿಲ್ಲು ಎಂದು ಪುಂಡಲೀಕ ಇಟ್ಟಿಗೆ ಎಸೆದದ್ದಕ್ಕೆ, ಸೊಂಟದ ಮೇಲೆ ಕೈಯಿಟ್ಟು ಇನ್ನೂ ನಿಂತಿರುವವನು. ನಾನು ಒಳಗೆ ಹೋಗಲಿಲ್ಲ. ರಸ್ತೆಯಲ್ಲೇ ನಿಂತು, ರಾತ್ರಿಯಿಡೀ ಕಾದ ಆ ಡಾಕ್ಟರ್ ಹುಡುಗಿಯ ಬಗ್ಗೆ ಯೋಚಿಸುತ್ತಿದ್ದೆ. ಹೆಸರು ಕೇಳಿಕೊಳ್ಳಲೂ ಆಗಿರಲಿಲ್ಲ.

ಮರುದಿನ ಬಿಡುಗಡೆಯ ಕಾರ್ಡು ತರಲು ಹುಡುಗನ ಜೊತೆ ಮತ್ತೆ ಹೋದೆ. ಖಾಲಿಯಿದ್ದ ಜಾಗ ತುಂಬಿತ್ತು. ಅವನಿಗೆ ದೇವನಾಗರಿ ಅಕ್ಷರ ಕೂಡಿಸಿ ಓದಲು ಬರುತ್ತಿತ್ತು. ಬೆರಳಿಟ್ಟು ಓದಿದ, ‘ನಿ, ದಾ, ನ. ಇದ್ ನಮ್ ನಿಧಾನವಾ ಟೀಚರೇ?’

‘ಹೌದು ಮಗಾ, ನಮ್ಮದೇ’ ಎಂದೆ. ಅವನು ಕಾರ್ಡನ್ನು ಅಂಗಿಯ ಕಿಸೆಗೆ ಹಾಕಿ, ನೀರಿನ ಬಾಟಲಿ ಹಿಡಿದು, ಇನ್ನೂ ನೋಯುತ್ತಿದ್ದ ಬಲಮಗ್ಗುಲನ್ನು ಕಟಕಟೆಗೆ ಆನಿಸಿ ಒಂದೊಂದೇ ಮೆಟ್ಟಿಲು ಇಳಿಯತೊಡಗಿದ.